ಅರ್ಗೀರಿಸನ ದಿಸ್ಫೋನಿಯಾ

ದಾಳ ಹಲಗೆಯ ಅಂಚಿಗೆ ಒರಗಿ ನಿಂತಿತ್ತೋ, ಮಟ್ಟಸವಾಗಿ ಬಿದ್ದಿತ್ತೋ, ಇಷ್ಟೇ ಜಗಳ. ಮಟ್ಟಸವಾಗಿ ಬಿದ್ದಿದೆ ಎಂದ ಅರ್ಗೀರಿಸ. ಒರಗಿದೆ, ಆಟ ಲೆಕ್ಕಕ್ಕಿಲ್ಲ ಎಂದ ಕಾಫಿ ಅಂಗಡಿಯ ಸ್ತಾಥಿಸ. ಆಮೇಲೆ ಅಂಗಡಿ ಮುಚ್ಚುವವರೆಗೂ ಇಬ್ಬರೂ ಕಿರುಚಿದರು. ನಮ್ಮೂರಲ್ಲಿ ತಾವ್ಲಿ ಎಂಬ ಈ ದಾಳದಾಟವನ್ನು ಕೈಯಲ್ಲಿ ಆಡುವುದಕ್ಕಿಂತ ಗಂಟಲಲ್ಲಿ ಆಡುವುದೇ ಹೆಚ್ಚು. ಕೊನೆಗೆ ಅರ್ಗೀರಿಸನೇ ಗೆದ್ದ. ಗೆದ್ದ ಖುಷಿಗೆ ಮನೆ ದಾರಿಯುದ್ದಕ್ಕೂ ಹಾಡಿಕೊಂಡು ಹೋದ.

ಬೆಳಗ್ಗೆ ಎದ್ದು ಆಡುಗಳನ್ನು ಕರೆಯಲು ಬಾಯಿ ತೆರೆದರೆ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲು ತೆರೆದಂಥ ಸದ್ದೊಂದು ಬಂತು. ಆಡುಗಳು ಅವನನ್ನೊಮ್ಮೆ ನೋಡಿ ಮತ್ತೆ ಮಲಗಿದವು.

ದನಿ ಇವತ್ತಲ್ಲದಿದ್ದರೆ ನಾಳೆ ಬರುತ್ತದೆ ಎಂದು ಅವನೂ ಸುಮ್ಮನಿರುತ್ತಿದ್ದನೇನೋ. ಅಷ್ಟರಲ್ಲಿ ಕೊರಕಲಿನ ಆಚೆ ಬದಿಯಿಂದ ಸಿಳ್ಳು ಕೇಳಿಸಿತು. ಎವಿಯಾ ದ್ವೀಪದ ತೆಂಕಣ ತುದಿಯ ನಮ್ಮೂರು ಕೊರಕಲಿನ ಎರಡೂ ಬದಿಗೆ ಹರಡಿಕೊಂಡಿದೆ. ಇಳಿದು ಹತ್ತಿದರೆ ಮೊಣಕಾಲು ಹೋಗುತ್ತದೆ, ಕೂಗಿದರೆ ಗಾಳಿ ನುಂಗುತ್ತದೆ. ಅದಕ್ಕೇ ನಾವು ಸಿಳ್ಳಿನಲ್ಲಿ ಮಾತಾಡುತ್ತೇವೆ. ಮಾತೆಂದರೆ ಮಾತೇ, ಒಂದಕ್ಷರ ಬಿಡದ ಮಾತು. ಕೇಳಿಸಿಕೊಂಡವರು ಅದನ್ನು ಮುಂದಿನ ಗುಡ್ಡಕ್ಕೆ ದಾಟಿಸಬೇಕು, ಹಾಗೆ ಮಾಡದಿದ್ದರೆ ಮರ್ಯಾದೆ ಗೊತ್ತಿಲ್ಲದವರು ಎನ್ನುತ್ತಾರೆ. ಆ ಬೆಳಗ್ಗೆ ಹೀಗೆ ದಾಟಿ ಬಂದ ಸುದ್ದಿ ಇದು: ‘ಫ್ರೋಸೊ ಮಧ್ಯಾಹ್ನದ ಬಸ್ಸಿಗೆ ಹೊರಟಿದ್ದಾಳೆ. ಪಿರೇಯ ಪಟ್ಟಣದ ಅಕ್ಕನ ಮನೆಗೆ. ದೊಡ್ಡ ಚೀಲ ಕಟ್ಟಿದ್ದಾಳೆ. ಇನ್ನು ಬರಲಿಕ್ಕಿಲ್ಲ.’

ಅರ್ಗೀರಿಸನ ಕೈಯಲ್ಲಿದ್ದ ಹಾಲಿನ ಬಕೆಟ್ಟು ಕೆಳಗೆ ಬಿತ್ತು.

ಫ್ರೋಸೊ ಜೇನು ಸಾಕುವ ವಿಧವೆ. ಅರ್ಗೀರಿಸ ಐವತ್ತರ ಹತ್ತಿರದ ಬ್ರಹ್ಮಚಾರಿ. ಅವಳನ್ನು ಮದುವೆಯಾಗುತ್ತೀಯಾ ಎಂದು ಕೇಳಬೇಕೆಂದು ಅವನು ಎಷ್ಟೋ ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದ. ಆದರೆ ಜೇನು ಕೊಳ್ಳಲು ಹೋದವನು ಜೇನು ಕೊಂಡು ವಾಪಸ್ಸು ಬರುತ್ತಿದ್ದ. ಅವನ ಮನೆಯಲ್ಲಿ ಊರೆಲ್ಲ ತಿಂದರೂ ಮುಗಿಯದಷ್ಟು ಜೇನು ಇತ್ತು. ದಿನಾ ಬೆಳಗ್ಗೆ ಅವಳ ಮನೆಯ ಕಡೆ ತಿರುಗಿ ‘ಶುಭ ದಿನ, ಫ್ರೋಸೊ’ ಎಂದು ಸಿಳ್ಳು ಹಾಕುತ್ತಿದ್ದ. ಮೊದಲೆಲ್ಲ ಅವಳೂ ಇಂಪಾಗಿ ತಿರುಗಿ ಸಿಳ್ಳು ಹಾಕುತ್ತಿದ್ದಳು. ಹೋದ ಚಳಿಗಾಲದಿಂದ ಉತ್ತರವೇ ಇಲ್ಲ. ಎದುರಿಗೆ ಸಿಕ್ಕರೂ ತಲೆವಸ್ತ್ರವನ್ನು ಬಾಯಿಗೆ ಎಳೆದುಕೊಂಡು ಸರಸರನೆ ಹೋಗುತ್ತಿದ್ದಳು. ಅವಳಿಗೆ ತನ್ನ ಮುಖ ಕಂಡರೆ ಆಗದೆಂದೇ ಅರ್ಗೀರಿಸ ತಿಳಿದಿದ್ದ, ಪಾಪ. ಆದರೂ ಒಂದು ಸಲ ಬಾಯಿಬಿಟ್ಟು ಕೇಳದೆ ಅವಳನ್ನು ಕಳಿಸಿಕೊಡುವುದು ಹೇಗೆ? ಕೇಳಬೇಕು, ಇವತ್ತೇ ಕೇಳಬೇಕು. ಇವತ್ತೇ ದನಿ ಇಲ್ಲ!

ಅದೃಷ್ಟಕ್ಕೆ ಅವತ್ತು ಡಾಕ್ಟರು ಊರಿಗೆ ಬರುವ ದಿನ. ಡಾಕ್ಟರ್ ಮೆಲ್ಪೊ ಥೆಸಲೊನೀಕಿ ನಗರದ ಹುಡುಗಿ, ಹಳ್ಳಿ ಸೇವೆಗೆಂದು ಹೊಸದಾಗಿ ಬಂದವಳು. ಅರ್ಗೀರಿಸ ಕುರ್ಚಿಯಲ್ಲಿ ಕೂತು, ಗಂಟಲು ತೋರಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಸೇರಿಸಿ, “ದನಿ... ಕೆಟ್ಟಿದೆ” ಎಂದ.

ಡಾಕ್ಟರಮ್ಮ ಬಾಯಿಗೆ ದೀಪ ಬಿಟ್ಟು ನೋಡಿದಳು, ಕತ್ತು ಒತ್ತಿ ನೋಡಿದಳು, ಕನ್ನಡಕ ಸರಿಮಾಡಿಕೊಂಡು ಗಂಭೀರವಾಗಿ, “ಇದಕ್ಕೆ ದಿಸ್ಫೋನಿಯಾ ಅಂತೀವಿ” ಎಂದಳು.

ಅರ್ಗೀರಿಸ ಹುಬ್ಬೇರಿಸಿದ.

“ನಮ್ಮದೇ ಹಳೇ ಕಾಲದ ಪದ. ‘ದಿಸ್’ ಅಂದ್ರೆ ಕೆಟ್ಟದ್ದು, ಕಷ್ಟದ್ದು. ‘ಫೋನೀ’ ಅಂದ್ರೆ ಗೊತ್ತಲ್ಲ, ದನಿ. ಎರಡೂ ಸೇರಿದ್ರೆ...”

ಎರಡೂ ಸೇರಿದರೆ ದನಿ ಕೆಟ್ಟಿದೆ ಎಂದರ್ಥ. ಅದನ್ನೇ ತಾನೆ ಅವನು ಬಂದ ಕೂಡಲೇ ಹೇಳಿದ್ದು! ತನ್ನ ಮಾತನ್ನೇ ತೊಳೆದು, ಇಸ್ತ್ರಿ ಮಾಡಿ ತನಗೇ ವಾಪಸ್ಸು ಕೊಟ್ಟಳಲ್ಲ ಎಂದು ಅರ್ಗೀರಿಸನಿಗೆ ಅಚ್ಚರಿಯಾಯಿತು. ಆದರೂ ಕಾಯಿಲೆಗೆ ಅಷ್ಟುದ್ದದ ಹೆಸರಿದೆ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

“ಒಂದು ವಾರ ಮಾತೇ ಆಡ್ಬಾರ್ದು. ಪಿಸುಗುಟ್ಟೋದಂತೂ ಇನ್ನೂ ಕೆಟ್ಟದ್ದು. ಮಾತಾಡಿದ್ರೆ ಇದು ತಿಂಗಳಾದ್ರೂ ಹೋಗಲ್ಲ.”

ಒಂದು ವಾರ! ಅರ್ಗೀರಿಸ ಎದೆ ಬಡಿದುಕೊಂಡ. ನಂತರ ಎರಡು ಬೆರಳು ಬಾಯಿಗಿಟ್ಟು, ‘ಸಿಳ್ಳು ಹಾಕಬಹುದಾ?’ ಎಂದು ಸಿಳ್ಳಿನಲ್ಲೇ ಕೇಳಿದ. ಕಿಟಕಿಯ ಗಾಜು ಗಡಗಡ ನಡುಗಿತು. ಡಾಕ್ಟರಮ್ಮನ ಕೈಯಲ್ಲಿದ್ದ ದೀಪ ಹಾರಿ ಮೂಲೆಗೆ ಬಿತ್ತು. ಕೊರಕಲಿನ ಆಚೆಯಿಂದ ಯಾರೋ, ‘ಧಾರಾಳವಾಗಿ ಹಾಕು’ ಎಂದು ಉತ್ತರ ಕೊಟ್ಟರು.

“ಸಿಳ್ಳು ಪರವಾಗಿಲ್ಲ. ಅದು ತುಟಿ ನಾಲಿಗೆಯ ಕೆಲಸ, ಗಂಟಲಿನ ತಂತಿಗೇನೂ ಶ್ರಮ ಇಲ್ಲ” ಎಂದಳು ಡಾಕ್ಟರಮ್ಮ ಕಿವಿ ಮುಚ್ಚಿಕೊಂಡೇ. “ಆದ್ರೆ ದಯವಿಟ್ಟು, ಈ ಕೋಣೆಯೊಳಗೆ ಬೇಡ.”

ಆದರೆ ಸಿಳ್ಳಿನಲ್ಲಿ ಹೇಳುವ ಮಾತೇ ಅದು? ಸಿಳ್ಳು ಇರುವುದು ಆಡು ಗೋಧಿ ಹೊಲಕ್ಕೆ ನುಗ್ಗಿದೆ ಎನ್ನಲಿಕ್ಕೆ, ರೊಟ್ಟಿ ಬೆಂದಿದೆ ಎನ್ನಲಿಕ್ಕೆ. ‘ನನ್ನ ಮದುವೆಯಾಗ್ತೀಯಾ’ ಎಂದು ಸಿಳ್ಳು ಹಾಕಿದರೆ ಮೇಲಿನ ಗುಡ್ಡದ ಕುರುಬರವರೆಗೆ ಪ್ರತಿಯೊಬ್ಬನೂ ಕೇಳಿಸಿಕೊಂಡು ಮುಂದಕ್ಕೆ ದಾಟಿಸುತ್ತಾನೆ. ಬರೆದು ಕೊಡಬಹುದಿತ್ತಲ್ಲ ಎನ್ನುತ್ತೀರೇನೋ. ಅರ್ಗೀರಿಸನ ಅಕ್ಷರ ಮರುದಿನ ಅವನಿಗೇ ಓದಲು ಬರುತ್ತಿರಲಿಲ್ಲ. ಉಳಿದದ್ದು ಒಂದೇ ದಾರಿ. ನಡುವೆ ನಿಂತು ಮಾತಾಡಲು ಯಾರನ್ನಾದರೂ ಕಳಿಸಬೇಕು. ಹೆಣ್ಣು ಕೇಳಲು ಹಿಂದಿನಿಂದಲೂ ಹಾಗೇ ಕಳಿಸುವುದು. ಹಾಗೆಂದುಕೊಂಡು ಸೀದಾ ಸ್ತಾಥಿಸನ ಕಾಫಿ ಅಂಗಡಿಗೆ ನಡೆದ.

ಅಂಗಡಿಯಲ್ಲಿ ಅವನ ಕಾಯಿಲೆಯ ಹೆಸರು ಅವನಿಗಿಂತ ಮೊದಲೇ ಬಂದು ಕಾಫಿ ಕುಡಿಯುತ್ತ ಕೂತಿತ್ತು.

“ದಿಸ್ಫೋನಿಯಾ ಅಂದ್ರೆ ದನಿ ಸತ್ತಂಗೆ ಲೆಕ್ಕ” ಎಂದಳು ನೆರೆಮನೆಯ ವಸಿಲೊ. ಮೊಟ್ಟೆ ಮಾರಲು ಬಂದವಳು ಅಲ್ಲೇ ತಳ ಊರಿದ್ದಳು.

“ನಿನ್ ತಲೆ! ಸತ್ರೆ ‘ಅಫೋನಿಯಾ’ ಅಂತಾರೆ” ಎಂದ ಸ್ತಾಥಿಸ. “‘ಅ’ ಬಂತೋ, ಮುಗೀತು, ದನಿಯೇ ಇಲ್ಲ. ‘ದಿಸ್’ ಹಂಗಲ್ಲಮ್ಮ. ಒಳಗೆ ಇದೆ, ಆಚೆ ಬರೋಕೆ ಒದ್ದಾಡ್ತಿದೆ ಅಂತ. ನಮ್ಮಜ್ಜಂದಿರು ಎಷ್ಟು ನಾಜೂಕಾಗಿ ಇಟ್ಟಿದ್ದಾರೆ ನೋಡು! ಇವತ್ತು ಲಂಡನ್ನಿನಲ್ಲಿ ಒಬ್ಬನ ಗಂಟಲು ಕಟ್ಟಿದ್ರೂ ಅಲ್ಲಿನ ಡಾಕ್ಟ್ರು ನಮ್ಮ ಪದಾನೇ ಹೇಳ್ಬೇಕು. ಒಂದೊಂದು ಸಲ ಹೇಳಿದಾಗ್ಲೂ ನಮಗೊಂದು ಕಾಫಿ ಕೊಡಿಸ್ಬೇಕು ಅವ್ರು.”

“ಪದ ನಮ್ದಾದ್ರೆ ಕಾಯಿಲೇನೂ ನಮ್ದೇ ಅಲ್ವೇನೋ?” ಎಂದಳು ವಸಿಲೊ.

ಒಳಗೆ ಇದೆ, ಆಚೆ ಬರಲು ಒದ್ದಾಡುತ್ತಿದೆ. ಆ ಮಾತು ಅರ್ಗೀರಿಸನ ಮನಸ್ಸಿಗೆ ತಾಕಿತು. ತನ್ನ ಬದುಕೇ ಅದು ಅನಿಸಿತು. ಸ್ತಾಥಿಸನ ತೋಳು ಹಿಡಿದು ಎಳೆದ. ಮೊದಲು ಫ್ರೋಸೊ ಮನೆಯ ಕಡೆ ಕೈ ತೋರಿಸಿದ. ನಂತರ ಎದೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿ ಉಸಿರು ಬಿಟ್ಟ.

“ಎದೆನೋವು!” ಎಂದು ಕಿರುಚಿದಳು ವಸಿಲೊ.

ಅಲ್ಲ ಅಲ್ಲ ಎಂದು ಗದ್ದ ಮೇಲೆತ್ತಿ ನಾಲಿಗೆ ಲೊಚಗುಟ್ಟಿದ ಅರ್ಗೀರಿಸ. ಮತ್ತೆ ಫ್ರೋಸೊ ಮನೆ, ಮತ್ತೆ ಎದೆ. ಈ ಸಲ ಇನ್ನೂ ಜೋರಾಗಿ ಬಡಿದುಕೊಂಡ.

“ಫ್ರೋಸೊ... ಎದೆ... ಗಂಟಲು...” ವಸಿಲೊ ಒಂದೊಂದನ್ನೇ ಬೆರಳು ಮಡಿಸಿ ಕೂಡಿಸಿದಳು. ಅವಳ ಕಣ್ಣುಗಳು ಅಗಲವಾದವು. “ಅಯ್ಯೋ ದೇವಮಾತೆ! ಅವಳು ದೃಷ್ಟಿ ಹಾಕಿದ್ದಾಳೆ! ಫ್ತು, ಫ್ತು, ಫ್ತು! ಬಾಯಿ ಮುಚ್ಕೊಂಡು ಓಡಾಡ್ವಾಗ್ಲೇ ನಂಗೆ ಅನುಮಾನ ಇತ್ತು. ಎತ್ಕೊಳ್ಳೋ ಸ್ತಾಥಿ, ಇವನ್ನ ನನ್ನ ಮನೆಗೆ!”

ಎತ್ತಿಕೊಂಡೇ ಹೋದರು. ಕಾಲು ಝಾಡಿಸಿದ್ದಕ್ಕೆ ‘ನೋಡು, ಸಂಕಟ ಹೆಚ್ಚಾಯ್ತು’ ಎಂದರು. ವಸಿಲೊ ನೀರಿನ ಬಟ್ಟಲಿಗೆ ಎಣ್ಣೆ ಹನಿ ಬಿಟ್ಟಳು, ಬಾಯಲ್ಲೇ ಮಂತ್ರ ಗುನುಗಿದಳು, ದವಡೆ ಕಳಚುವಂತೆ ಆಕಳಿಸಿದಳು. ಎಣ್ಣೆ ಹರಡಿತು. ಆಕಳಿಕೆ, ಹರಡಿದ ಎಣ್ಣೆ, ದೃಷ್ಟಿ ತಾಗಿದೆ ಎನ್ನಲು ಇದಕ್ಕಿಂತ ದೊಡ್ಡ ಸಾಕ್ಷಿ ಇನ್ನೇನು ಬೇಕು? ದೃಷ್ಟಿಗೆ ಮಂತ್ರವಾಯಿತು, ಎದೆನೋವಿಗೂ ಏನಾದರೂ ಮಾಡಬೇಕಲ್ಲ ಎಂದು ಅವನ ಅಂಗಿ ಬಿಚ್ಚಿಸಿ ಬೋರಲು ಮಲಗಿಸಿದರು. ಗಾಜಿನ ಲೋಟಗಳೊಳಗೆ ಉರಿಯುವ ಹತ್ತಿ ಆಡಿಸಿ, ಬಿಸಿ ಆರುವ ಮೊದಲೇ ಒಂದೊಂದಾಗಿ ಬೆನ್ನಿಗೆ ಒತ್ತಿದರು. ಲೋಟಗಳು ಚರ್ಮವನ್ನು ಗಬಕ್ಕನೆ ಕಚ್ಚಿ ಹಿಡಿದವು. ಅರ್ಗೀರಿಸ ಬಾಯಿ ತೆರೆದು ಕೂಗಿದ, ಸದ್ದು ಬರಲಿಲ್ಲ.

“ನೋಡು, ಹಾಯ್ ಅನಿಸ್ತಿದೆ ಅವನಿಗೆ” ಎಂದ ಸ್ತಾಥಿಸ.

ಅಷ್ಟಕ್ಕೇ ನಿಂತಿದ್ದರೆ ಸಹಿಸಿಕೊಳ್ಳುತ್ತಿದ್ದ. ಆದರೆ ವಸಿಲೊ ಕಿಟಕಿಗೆ ಹೋಗಿ, ಬಾಯಿಗೆ ಬೆರಳಿಟ್ಟು, ಕೊರಕಲಿಗೆಲ್ಲ ಕೇಳುವಂತೆ ಸಿಳ್ಳು ಹಾಕಿದಳು: ‘ಅರ್ಗೀರಿಸನಿಗೆ ಫ್ರೋಸೊಳ ದೃಷ್ಟಿ ತಾಗಿದೆ! ದನಿ ಹೋಗಿದೆ! ಮಕ್ಕಳನ್ನ ಒಳಗಿಟ್ಕೊಳ್ಳಿ!’

ಅರ್ಗೀರಿಸನ ರಕ್ತ ತಲೆಗೇರಿತು. ಊರು ಬಿಟ್ಟು ಹೋಗುವ ದಿನ ಆ ಹೆಂಗಸಿಗೆ ಇಂಥ ಮಾತೇ! ಅದೂ ತನ್ನ ಹೆಸರಿನಲ್ಲಿ! ಎದ್ದ. ಬೆನ್ನಿನ ಲೋಟಗಳು ಒಂದಕ್ಕೊಂದು ಬಡಿದು ಕಣಕಣ ಎಂದವು. ವಸಿಲೊಳನ್ನು ಪಕ್ಕಕ್ಕೆ ತಳ್ಳಿ, ಹಿಂದುಮುಂದು ನೋಡದೆ, ಜನ್ಮದಲ್ಲೇ ಹಾಕದಷ್ಟು ಜೋರಾಗಿ ಸಿಳ್ಳು ಹಾಕಿದ:

‘ದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ! ನನಗೆ ಫ್ರೋಸೊ ಬೇಕು! ಫ್ರೋಸೊ, ನನ್ನ ಮದುವೆಯಾಗ್ತೀಯಾ?’

ಕತ್ತೆಗಳು ಕೂಡ ಅರಚುವುದನ್ನು ನಿಲ್ಲಿಸಿದವು ಎಂದು ಈಗಲೂ ಹೇಳುವವರಿದ್ದಾರೆ. ಮರುಗಳಿಗೆಯೇ ಶುರುವಾಯಿತು. ‘ಅರ್ಗೀರಿಸನಿಗೆ ಫ್ರೋಸೊ ಬೇಕಂತೆ!’ ಎಂದು ಕೆಳಗಿನ ಕೇರಿಯಿಂದ ಗಿರಣಿಗೆ, ಗಿರಣಿಯಿಂದ ಗುಡ್ಡಕ್ಕೆ ಸಿಳ್ಳು ದಾಟಿತು. ‘ಯಾವ ಅರ್ಗೀರಿಸ?’ ಎಂದು ಗುಡ್ಡದ ಕುರುಬ ಕೇಳಿದ. ‘ದಿಸ್ಫೋನಿಯಾ ಬಂದಿರೋನು!’ ‘ಅಂತೂ ಕೇಳಿದ್ನಾ! ನಮ್ಮಪ್ಪ ಸಾಯೋವರೆಗೂ ಇದಕ್ಕೇ ಕಾಯ್ತಿದ್ದ!’

ಎಲ್ಲ ಮನೆಗಳಿಂದಲೂ ಉತ್ತರ ಬಂತು, ಫ್ರೋಸೊಳ ಮನೆಯೊಂದನ್ನು ಬಿಟ್ಟು. ಎಲ್ಲರೂ ಕಾದರು. ಬಂದದ್ದು ಬಸ್ಸಿನ ಹಾರ್ನು.

ಅರ್ಗೀರಿಸ ಬೆನ್ನಿನ ಲೋಟಗಳ ಮೇಲೇ ಅಂಗಿ ಎಳೆದುಕೊಂಡು, ಗೂನು ಬೆನ್ನಿನವನಂತೆ ಇಳಿಜಾರಿನಲ್ಲಿ ಓಡಿದ. ಹಿಂದೆ ಸ್ತಾಥಿಸ, ಅವನ ಹಿಂದೆ ಮೊಟ್ಟೆ ಬುಟ್ಟಿ ಹಿಡಿದ ವಸಿಲೊ, ಅವಳ ಹಿಂದೆ ಅರ್ಧ ಊರು. ಬಸ್ಸಿನ ಮೆಟ್ಟಿಲ ಬಳಿ ಫ್ರೋಸೊ ನಿಂತಿದ್ದಳು. ಪಕ್ಕದಲ್ಲಿ ದೊಡ್ಡ ಚೀಲ, ಕಣ್ಣಿನ ಕೆಳಗೆ ಪೂರ್ತಿ ತಲೆವಸ್ತ್ರ. ಅವಳ ಕಣ್ಣಲ್ಲಿ ಸಿಟ್ಟಿತ್ತೋ ನೀರಿತ್ತೋ ಯಾರಿಗೂ ತಿಳಿಯಲಿಲ್ಲ. ಅರ್ಗೀರಿಸ ಅವಳ ಮುಂದೆ ಏದುಸಿರು ಬಿಡುತ್ತ ನಿಂತ.

ಫ್ರೋಸೊ ಅವನ ತೋಳು ಹಿಡಿದು ಬಸ್ಸಿನ ಹಿಂದಕ್ಕೆ ಎಳೆದೊಯ್ದಳು. ಆಚೀಚೆ ನೋಡಿ ತಲೆವಸ್ತ್ರ ಕೆಳಗಿಳಿಸಿದಳು. ಮೇಲಿನ ಸಾಲಿನ ಮುಂದಿನ ಹಲ್ಲುಗಳಿರಲಿಲ್ಲ.

“ಹೋದ ಚಳಿಗಾಲದಲ್ಲಿ ಒಣ ರೊಟ್ಟಿ ಕಚ್ಚೋಕೆ ಹೋಗಿ ಮುರ್ಕೊಂಡೆ” ಎಂದು ಪಿಸುಗುಟ್ಟಿದಳು. “ದಿನಾ ಬೆಳಗ್ಗೆ ನೀನು ಸಿಳ್ಳು ಹಾಕ್ತೀಯಾ, ನಾನೂ ಊದ್ತೀನಿ ಕಣೋ. ಬರೀ ಗಾಳಿ ಬರುತ್ತೆ. ಈ ಬಾಯಿ ಇಟ್ಕೊಂಡು ನಿನ್ನೆದುರಿಗೆ ಹೇಗೆ ನಿಲ್ಲಲಿ?”

ಅರ್ಗೀರಿಸ ಚೀಲದ ಕಡೆ ಕೈ ತೋರಿಸಿದ.

“ಅದ್ರಲ್ಲಿ ಅಕ್ಕನಿಗೆ ಜೇನು! ಪಿರೇಯದ ಹಲ್ಲಿನ ಡಾಕ್ಟ್ರು ಹೊಸ ಹಲ್ಲು ಕಟ್ಟಿ ಕೊಡ್ತಾರಂತೆ, ಮುಂದಿನ ಭಾನುವಾರ ವಾಪಸ್ಸು ಬರ್ತೀನಿ. ಊರು ಬಿಟ್ಟು ಹೋಗ್ತೀನಿ ಅಂತ ಯಾರು ಹೇಳಿದ್ದು ನಿಂಗೆ? ಮಾನಗೆಟ್ಟವನೇ, ಊರಿಗೆಲ್ಲ ಕೇಳೋ ಹಾಗೆ ಕೇಳಿದ್ದೀಯಾ. ನಾನೂ ಊರಿಗೆಲ್ಲ ಕೇಳೋ ಹಾಗೇ ಉತ್ತರ ಕೊಡೋಳು, ಸಿಳ್ಳಲ್ಲೇ. ಹಲ್ಲು ಬರ್ಲಿ.”

ಉತ್ತರ ಏನು ಎಂದು ಅರ್ಗೀರಿಸನ ಕಣ್ಣುಗಳು ಕೇಳಿದವು.

“ಹೂಂ ಅಂತಾನೇ, ಪೆದ್ದಾ” ಎಂದಳು ಫ್ರೋಸೊ. ಅವಳ ಕೆನ್ನೆ ಕೆಂಪಾಯಿತು. “ಆದ್ರೆ ಈ ಹಲ್ಲಿನ ವಿಷಯ ಒಂದು ಪ್ರಾಣಿಗೆ ಗೊತ್ತಾದ್ರೂ ಉತ್ತರ ಬೇರೆ ಆಗುತ್ತೆ. ದೇವರಾಣೆ!”

ತಲೆವಸ್ತ್ರ ಮೇಲೇರಿಸಿ, ಬಸ್ಸು ಹತ್ತಿ ಕೂತಳು. ಊರಿನ ಕಡೆ ತಿರುಗಿಯೂ ನೋಡಲಿಲ್ಲ. ಬಸ್ಸು ತಿರುವು ದಾಟಿ ಧೂಳಿನಲ್ಲಿ ಮರೆಯಾಯಿತು.

ಊರು ಕಂಡದ್ದು ಇಷ್ಟೇ: ಇವನು ಕೇಳಿದ, ಅವಳು ಹೊರಟುಹೋದಳು.

“ಹೋಗ್ಲಿ ಬಿಡೋ, ಅರ್ಗೀರಿ” ಎಂದು ಸ್ತಾಥಿಸ ಹೆಗಲ ಮೇಲೆ ಕೈ ಇಟ್ಟ. “ನಿನ್ನೆ ಆ ದಾಳ ಮಟ್ಟಸವಾಗೇ ಬಿದ್ದಿತ್ತು ಮಾರಾಯ. ನಾನೇ ತಪ್ಪು.”

ಅರ್ಗೀರಿಸ ಹೇಳಲು ಬಾಯಿ ತೆರೆದ, ದನಿ ಇಲ್ಲ. ಬೆರಳು ತುಟಿಯವರೆಗೆ ಹೋಯಿತು. ಸಿಳ್ಳು ಹಾಕಿದರೆ ಏಕೆ, ಹೇಗೆ, ಯಾವಾಗ ಎಂದು ಗುಡ್ಡದ ತುದಿಯವರೆಗೂ ಕೇಳುತ್ತಾರೆ, ಒಂದು ಪ್ರಶ್ನೆ ಹಿಡಿದು ಹಲ್ಲಿನವರೆಗೂ ಬರುತ್ತಾರೆ. ಬೆರಳು ಕೆಳಗಿಳಿಸಿದ. ಮುಖದ ಮೇಲೆ ಬಂದ ನಗುವನ್ನು ಮಾತ್ರ ಇಳಿಸಲಾಗಲಿಲ್ಲ.

“ನಗ್ತಿದ್ದಾನಲ್ಲೋ!” ಎಂದು ವಸಿಲೊ ಬೆಚ್ಚಿದಳು. “ದುಃಖ ತಲೆಗೇರಿದೆ. ಲೋಟ ಇನ್ನೂ ಬೇಕು, ಪಾದ್ರಿಗಳ ಮನೆಯದನ್ನೂ ತರಿಸಿ!”

ಮತ್ತೆ ಎತ್ತಿಕೊಂಡು ಹೋಗಿ, ಮತ್ತೆ ಬೋರಲು ಮಲಗಿಸಿದರು. ಅರ್ಗೀರಿಸ ಈ ಸಲ ಕಾಲು ಝಾಡಿಸಲಿಲ್ಲ. ದಿಂಬಿನಲ್ಲಿ ಮುಖ ಹುದುಗಿಸಿ, ಸದ್ದಿಲ್ಲದೆ, ಹೆಗಲೆರಡೂ ಅದುರುವಂತೆ ನಗುತ್ತಿದ್ದ. ವಸಿಲೊ ಅದನ್ನು ನೋಡಿ ಕಣ್ಣೊರೆಸಿಕೊಂಡು, ಅವನ ತಲೆ ಸವರಿ, “ಅಳು ಮಗನೇ, ಅಳು, ಹಗುರಾಗುತ್ತೆ” ಎಂದಳು.