ಎರಡು ಮಿಷನ್ನೂ ಅವಳ ಜಾಗವೂ

“ಫ್ಯಾಕ್ಟ್ರಿಯಿಂದ ಫೋನ್ ಬಂದ್ರೆ ಬರ್ತೀನಿ ಅಂತ ಹೇಳ್ಬಿಡಿ. ಇಲ್ಲಾಂದ್ರೆ ನನ್ನ ಜಾಗ ಬೇರೆಯವಳಿಗೆ ಕೊಟ್ಬಿಡ್ತಾರೆ.”

ಕೋಲಾರದ ಆಸ್ಪತ್ರೆಯಲ್ಲಿ ನನ್ನ ಹೆಂಡತಿ ಹೇಳಿದ ಕಡೇ ಮಾತು ಇದು. ನನ್ನ ಬಗ್ಗೆ ಒಂದು ಮಾತಿಲ್ಲ. ಮಾತೆಲ್ಲ ಮಾವಿನಹಣ್ಣಿನ ಫ್ಯಾಕ್ಟ್ರಿ ಬಗ್ಗೆ.

ಶ್ರೀನಿವಾಸಪುರದ ಹತ್ತಿರ ಮಾವಿನ ತಿರುಳು ತೆಗೆಯೋ ಫ್ಯಾಕ್ಟ್ರಿ. ಸೀಸನ್ನಿನಲ್ಲಿ ಅವಳು ಅಲ್ಲಿ ಹಣ್ಣು ಆರಿಸುತ್ತಿದ್ದಳು. ಓಡೋ ಬೆಲ್ಟಿನ ಕೊನೆಯಲ್ಲಿ, ಕಿಟಕಿ ಪಕ್ಕ ಅವಳ ಜಾಗ. ಗಾಳಿ ಬರೋದು ಅಲ್ಲೊಂದೇ ಕಡೆ. ನಾನು ಮಾವಿನ ಮಂಡಿಯಲ್ಲಿ ಕ್ರೇಟು ಇಳಿಸೋನು. ಓದಿದ್ದು ನಾಲ್ಕನೇ ಕ್ಲಾಸು. ಮಿಷನ್ನುಗಳ ಗೊಡವೆಗೆ ನಾನು ಹೋದೋನಲ್ಲ. ಈ ಸಲ ಅವೇ ನನ್ನ ಹುಡುಕಿಕೊಂಡು ಬಂದವು. ಒಂದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು.

ಒಂದು ಒತ್ತಿ

ಅವಳು ಹೋದ ಮೇಲೆ ಸೀಸನ್ ಶುರುವಾಯಿತು. ಅವಳ ಫೋನು ನನ್ನ ಜೇಬಲ್ಲಿ. ಸಂಜೆ ಹೊಡೀತು. ಹೆಂಗಸಿನ ದನಿ.

“ನಾಳೆ ಬೆಳಿಗ್ಗೆ ನಿಮಗೆ ಕೆಲಸವಿದೆ. ಬರುವುದಾದರೆ ಒಂದು ಒತ್ತಿ. ಇಲ್ಲವಾದರೆ ಎರಡು ಒತ್ತಿ.”

“ಅವಳಿಲ್ಲ ತಾಯಿ. ತೀರ್ಕೊಂಡ್ಳು.”

“ನೀವು ಏನನ್ನೂ ಒತ್ತಿಲ್ಲ.”

ಎರಡು ಒತ್ತಿದೆ. “ಧನ್ಯವಾದ. ನಾಳೆ ಮತ್ತೆ ಕರೆ ಮಾಡುತ್ತೇವೆ” ಅಂತು. ಮಾಡಿತು. ದಿನಾ ಮಾಡಿತು. ಸಿಟ್ಟು ಬಂದು ಒಂದು ಸಲ ಒಂದು ಒತ್ತಿಬಿಟ್ಟೆ. ಮಾರನೇ ದಿನ ಮೆಸೇಜು. ಮಂಡಿಯಲ್ಲಿ ಲೆಕ್ಕ ಬರೆಯೋ ರೈಟರ್ ಓದಿ ಹೇಳಿದ: “ಬರ್ತೀನಿ ಅಂತ ಹೇಳಿ ಬಂದಿಲ್ಲ. ಇನ್ನೊಮ್ಮೆ ಹೀಗೆ ಮಾಡಬೇಡಿ.”

ಸಾಯೋದನ್ನ ಇನ್ನೊಮ್ಮೆ ಹೆಂಗೆ ಮಾಡ್ತಾರಪ್ಪ?

ಅವರೇ ಬರಬೇಕು

ಫೋನು ನಿಲ್ಲಿಸಿ ಅಂತ ಫ್ಯಾಕ್ಟ್ರಿ ಆಫೀಸಿಗೆ ಹೋದೆ. ಅಲ್ಲಿ ಕಂಪ್ಯೂಟರ್ ಹುಡುಗಿ ಒಬ್ಬಳು. ಒಳ್ಳೇ ಹುಡುಗಿ. ನನ್ನ ನೋಡಿ ಕಣ್ಣಲ್ಲಿ ನೀರು ತಂದುಕೊಂಡಳು.

“ಅದು ರೋಬೋ ಅಂಕಲ್. ಕಂಪ್ಯೂಟರ್ ಒಳಗೇ ಇರುತ್ತೆ. ಹೇಳಿಕೊಟ್ಟಿದ್ದನ್ನ ಹೇಳಿಕೊಟ್ಟ ಹಾಗೇ ಮಾಡುತ್ತೆ. ಯೋಚನೆ ಮಾಡಲ್ಲ.”

“ಹಂಗಾದ್ರೆ ಹೆಸರು ತೆಗಿಯಮ್ಮ.”

“ಹೆಸರು ತೆಗೀಬೇಕಂದ್ರೆ ಕೆಲಸದವರೇ ಬಂದು ಹೆಬ್ಬೆಟ್ಟು ಇಡಬೇಕು ಅಂತ ಅದಕ್ಕೆ ಹೇಳಿಕೊಟ್ಟಿದಾರೆ ಅಂಕಲ್. ಆಂಟೀನ ಒಂದ್ಸಲ…” ಅಂದವಳು ನಾಲಿಗೆ ಕಚ್ಚಿಕೊಂಡಳು.

“ಅವಳೇ ಎದ್ದು ಬಂದ್ರೆ ಹೆಸರು ಯಾಕಮ್ಮ ತೆಗೆಸ್ತೀನಿ?” ಅಂದೆ. “ಮನೆಗೆ ಕರ್ಕೊಂಡು ಹೋಗ್ತೀನಿ.”

ಎಳಕೊಂಡು ಬಂದ ಲಾರಿ

ಇದು ನನಗೊಬ್ಬನಿಗೇ ಬಂದ ಗ್ರಹಚಾರ ಅಲ್ಲ. ತಾಯಲೂರಿಂದ ಹಣ್ಣು ಹೊತ್ತು ಬಂದ ಲಾರಿಯೊಂದು ದಾರೀಲಿ ಕೆಟ್ಟು ನಿಂತಿತು. ಬಿಸಿಲು. ಹಣ್ಣು ಕೊಳೆಯುತ್ತೆ. ಮಂಡಿಯಿಂದ ನಾವೇ ಹೋಗಿ ಎರಡು ಟ್ರ್ಯಾಕ್ಟರಿಗೆ ಹಣ್ಣು ತುಂಬಿಕೊಂಡು ಫ್ಯಾಕ್ಟ್ರಿ ಗೇಟಿಗೆ ತಂದೆವು. ಗೇಟು ನೋಡಿಕೊಳ್ಳೋದೂ ಅದೇ ರೋಬೋ. ತೆರೆಯಲಿಲ್ಲ.

“ಲಾರಿ ನಂಬರ್ ಕೊಟ್ಟಿದೀರ. ಟ್ರ್ಯಾಕ್ಟರ್ ನಂಬರ್ ಅದಕ್ಕೆ ಗೊತ್ತಿಲ್ಲ,” ಅಂದ ವಾಚ್‌ಮನ್.

“ಹಣ್ಣು ಅದೇ ಅಲ್ವೇನ್ಲಾ?”

“ಹಣ್ಣಿಗೆ ನಂಬರ್ ಇಲ್ವಲ್ಲ ಅಣ್ಣ.”

ಒಂದು ಟ್ರ್ಯಾಕ್ಟರ್ ಖಾಲಿ ಮಾಡಿ ಕೆಟ್ಟ ಲಾರಿ ಹತ್ತಿರಕ್ಕೆ ವಾಪಸ್ ಕಳಿಸಿದೆವು. ಲಾರಿಗೆ ಹಗ್ಗ ಕಟ್ಟಿ ಎಳಕೊಂಡು ಬಂದರು. ಖಾಲಿ ಲಾರಿ ಕಂಡಿದ್ದೇ ತಡ, ಗೇಟು ತಟ್ಟನೆ ತೆರೀತು. “ಇದೇಮಿ ಕರ್ಮ ನಾಯ್ನಾ!” ಅಂತ ಡ್ರೈವರ್ ತೆಲುಗಲ್ಲಿ ತನ್ನ ಕರ್ಮ ಹಳಿದು ತಲೆ ಚಚ್ಚಿಕೊಂಡ. ಗೇಟಿನ ಮುಂದೆಯೇ ಅದೇ ಹಣ್ಣನ್ನ ಅದೇ ಲಾರಿಗೆ ತುಂಬಿದೆವು.

“ಈಗ ಸರಿಹೋಯ್ತು ನೋಡಿ,” ಅಂದ ವಾಚ್‌ಮನ್.

ತಲೆ ಓಡಿಸೋದು

ಬೈಗುಳ ಜಾಸ್ತಿಯಾಗಿ ಫ್ಯಾಕ್ಟ್ರಿಯವರು ಇನ್ನೊಂದು ಮಿಷನ್ನು ತಂದರು. ಹೆಸರು ತೆಗೆಸೋಕೆ ನಾನು ಮತ್ತೆ ಹೋಗಿದ್ದೆ. ಮ್ಯಾನೇಜರ್ ನನ್ನ ಕೂರಿಸಿಕೊಂಡು ಹೇಳಿದರು.

“ಇದು ಹಳೇದರ ತರ ಅಲ್ಲಪ್ಪ. ತಲೆ ಓಡಿಸುತ್ತೆ. ಕಣ್ಣಲ್ಲಿ ನೋಡುತ್ತೆ, ಮಾತು ಕೇಳುತ್ತೆ, ತಾನೇ ತೀರ್ಮಾನ ಮಾಡುತ್ತೆ. ಬಾ, ತೋರಿಸ್ತೀನಿ.”

ಬೆಲ್ಟಿನ ಮೇಲೆ ಕ್ಯಾಮೆರಾ. ನಮ್ಮ ಕಡೆ ರಸಪುರಿ ಮಾವು ಹಣ್ಣಾದರೂ ಸಿಪ್ಪೆ ಹಸಿರೇ. ಮಿಷನ್ನು ಅಷ್ಟನ್ನೂ ಕಾಯಿ ಅಂತ ಪಕ್ಕಕ್ಕೆ ತಳ್ಳುತ್ತಿತ್ತು. ಹೆಣ್ಣುಮಕ್ಕಳು ಬೈಕೊಂಡು ವಾಪಸ್ ಹಾಕುತ್ತಿದ್ದರು. ಬಗ್ಗಿ ತೋರಿಸೋಕೆ ಹೋದ ಮ್ಯಾನೇಜರರ ಹಳದಿ ಹೆಲ್ಮೆಟ್ ಬೆಲ್ಟಿಗೆ ಬಿತ್ತು. ಕ್ಯಾಮೆರಾ ಕೆಳಗೆ ಹೋಯಿತು. ಹಸಿರು ದೀಪ ಹತ್ತಿತು. ಒಳ್ಳೇ ಹಣ್ಣು ಅಂತ ಮುಂದಕ್ಕೆ ಕಳಿಸಿತು.

ಹಳೇದು ಹೇಳಿದ್ದು ಬಿಟ್ಟು ಇನ್ನೇನೂ ಮಾಡಲ್ಲ. ಹೊಸದು ಹೇಳಿದ್ದೊಂದು ಬಿಟ್ಟು ಎಲ್ಲಾ ಮಾಡುತ್ತೆ.

“ಇವತ್ತಿಂದ ಫೋನ್ ಮಾಡೋದೂ ಇದೇ,” ಅಂದರು ಮ್ಯಾನೇಜರ್, ಹೆಲ್ಮೆಟ್ ಒರೆಸಿಕೊಳ್ಳುತ್ತಾ. “ನಿನ್ನ ಕಷ್ಟ ಅದಕ್ಕೇ ಹೇಳು. ಅರ್ಥ ಮಾಡ್ಕೊಳುತ್ತೆ.”

ಬಸ್ಸು ಕಳಿಸಬೇಕಾ?

ಸಂಜೆ ಹೊಡೀತು. ಈ ಸಲದ ದನಿಯಲ್ಲಿ ಅಕ್ಕರೆ ಇತ್ತು.

“ನಮಸ್ಕಾರ ಅಮ್ಮಾ, ನಾಳೆ ಕೆಲಸಕ್ಕೆ ಬರ್ತೀರಾ?”

“ನಾನು ಅಮ್ಮ ಅಲ್ಲ. ಅವಳ ಗಂಡ. ಅವಳು ಸತ್ತುಹೋದಳು.”

“ಕೇಳಿ ತುಂಬಾ ಬೇಸರ ಆಯ್ತು. ಹಾಗಾದ್ರೆ ಅರ್ಧ ದಿನ ಬರ್ತಾರಾ?”

“ಸತ್ತೋಳು ಅರ್ಧ ದಿನಕ್ಕೆ ಹೆಂಗಮ್ಮ ಬರ್ತಾಳೆ?”

“ನಿಮ್ಮ ತೊಂದರೆ ಅರ್ಥ ಆಯ್ತು. ಬಸ್ಸು ಕಳಿಸಬೇಕಾ?”

“ಆ ಊರಿಗೆ ಬಸ್ಸಿಲ್ಲ!”

“ಸರಿ. ಹಾಗಾದ್ರೆ ಅವರ ಹೆಸರು ತೆಗೆದು, ಬೆಲ್ಟಿನ ಕೊನೇ ಜಾಗ ಬೇರೆಯವರಿಗೆ ಕೊಡ್ಲಾ?”

ಇಷ್ಟು ದಿನ ಅಲೆದದ್ದು ಇದಕ್ಕೇ. ಹೂಂ ಅನ್ನಬೇಕಿತ್ತು. ಬಾಯಿ ತೆರೆದೆ. ಕಿಟಕಿ ಪಕ್ಕ ಬೇರೆ ಯಾರೋ ಕೂತಿದ್ದು ಕಂಡಂಗಾಯ್ತು.

“ಬೇಡ,” ಅಂದೆ. “ಬರ್ತೀನಿ.”

“ತುಂಬಾ ಸಂತೋಷ ಅಮ್ಮಾ. ಬೇಗ ಹುಷಾರಾದ್ರಲ್ಲ.”

ಮಾರನೇ ದಿನ ಬೆಳಿಗ್ಗೆ ಮೊಳೆಯಲ್ಲಿ ನೇತಾಡುತ್ತಿದ್ದ ಅವಳ ಫ್ಯಾಕ್ಟ್ರಿ ಟೋಪಿ ಕೊಡವಿ ಹಾಕಿಕೊಂಡೆ. ಮಂಡಿಗೆ ಹೋಗಲಿಲ್ಲ. ಫ್ಯಾಕ್ಟ್ರಿ ಬಸ್ಸು ಬಂತು. ಹತ್ತಿದೆ. ಹೆಣ್ಣುಮಕ್ಕಳೆಲ್ಲ ನನ್ನ ತಲೆ ಮೇಲಿನ ಟೋಪಿ ನೋಡಿದರು. ಮುಂದಿನ ಸೀಟಿನವಳು ಸರಿದು ಜಾಗ ಬಿಟ್ಟಳು.

“ಕಾಯಿ ಯಾವುದು, ಹಣ್ಣು ಯಾವುದು, ನಿಂಗೆ ಗೊತ್ತಾಗುತ್ತಾ ಅಣ್ಣ?” ಅಂದಳು.

“ಗೊತ್ತಿಲ್ಲ ಕಣಮ್ಮ,” ಅಂದು ಕೂತೆ.