ಗೋವಾದಲ್ಲಿ ನಾನು ಊಟಕ್ಕೆ ಕರೆದದ್ದು

ಪುಕ್ಕಟೆ ಎಂಬ ಶಬ್ದ ಕಿವಿಗೆ ಬಿದ್ದರೆ ನಾನು ನಾನಾಗಿ ಉಳಿಯುವುದಿಲ್ಲ. ಮೂಡಲಗಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡವನು ನಾನು. ಗೋವಿನಜೋಳದ ಬೀಜ ಒಯ್ಯುವ ರೈತ, "ಸಾವುಕಾರ್ರ, ಕಂಪನಿದು ಒಂದ ಟೊಪಿಗಿ ಪುಕ್ಕಟೆ ಕೊಡ್ರಲಾ" ಎಂದು ಹಲ್ಲು ಕಿರಿದಾಗ ಅವನನ್ನು ನೋಡಿ ನಗುತ್ತೇನೆ. ಆದರೆ ಬೀಜದ ಕಂಪನಿಯವರು ಒಳ್ಳೆಯ ವ್ಯಾಪಾರ ಮಾಡಿದ ಡೀಲರುಗಳನ್ನು ಕುಟುಂಬಸಮೇತ ಗೋವಾದ ಸಮುದ್ರದಂಡೆಯ ರೆಸಾರ್ಟಿಗೆ ಕರೆದೊಯ್ಯುತ್ತೇವೆ ಎಂದಾಗ, ನನ್ನ ಹಲ್ಲು ಆ ರೈತನಿಗಿಂತ ಎರಡು ಬೆರಳು ಹೆಚ್ಚೇ ಕಂಡಿರಬೇಕು. ಕಾಲೇಜಿಗೆ ಹೋಗುವ ಮಗಳು ಸಹನಾ, ಪರೀಕ್ಷೆಯೆಂದು ತಾನು ಬರದಿದ್ದರೂ, ನನಗೆ ತಿಳಿಸಿ ಹೇಳಿದಳು: "ಪಪ್ಪಾ, ಅಲ್ಲಿ ಎಲ್ಲಾ ಸೇರೇ ಇರ್ತೈತಿ. ಯಾವಾಗರ ತಿನ್ರಿ, ಎಷ್ಟರ ತಿನ್ರಿ, ಯಾರೂ ಕೇಳಂಗಿಲ್ಲ." ಯಾರೂ ಕೇಳುವುದಿಲ್ಲ ಎಂಬ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಹೆಂಡತಿ ಮಹಾದೇವಿ ಕೌಜಲಗಿಯವಳು. ಪ್ರವಾಸವೆಂದರೆ ಅವಳಿಗೆ ಮೊದಲು ರೊಟ್ಟಿಯ ಗಂಟು, ಆಮೇಲೆ ಸೀರೆಯ ಗಂಟು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಖಾರ ಎಲ್ಲ ಬುಟ್ಟಿಗೆ ತುಂಬುತ್ತಿದ್ದವಳನ್ನು ನಾನೇ ತಡೆದೆ. "ಮಾನ ಕಳೀತಿಯೇನು? ಅಲ್ಲಿ ಪಂಚಪಕ್ವಾನ್ನ ಕಾಯಾಕತ್ತಾವು, ಇದನ್ನೇನ್ ಹೊತ್ಗೊಂಡ ಬರ್ತಿ?" ಅವಳು ಬುಟ್ಟಿಯನ್ನು ಅಡುಗೆಮನೆಯ ಹಲಗೆಯ ಮೇಲೆ ಮರಳಿ ಇಟ್ಟಳು.

ರೆಸಾರ್ಟಿನಲ್ಲಿ ಕಾಲಿಟ್ಟ ಕೂಡಲೇ ಎಲ್ಲರ ಮಣಿಕಟ್ಟಿಗೂ ಒಂದೊಂದು ಹಳದಿ ಪಟ್ಟಿ ಕಟ್ಟಿದರು. ಅದು ಕೈಮೇಲಿದ್ದರೆ ಆಯಿತು, ಏನು ಬೇಕಾದರೂ ತಿನ್ನಬಹುದು. ನಾನು ಉಪ್ಪಿಟ್ಟು ತಿಂದು ಕೈತೊಳೆಯುವುದರಲ್ಲಿ ಹಣ್ಣಿನ ಸಾಲು ಬರುತ್ತಿತ್ತು, ಅದನ್ನು ಮುಗಿಸುವುದರಲ್ಲಿ ಐಸ್‌ಕ್ರೀಮು. ನಾನು ಧುಪದಾಳದ ಒಡ್ಡಿನ ನೀರು ಬಿಟ್ಟರೆ ದೊಡ್ಡ ನೀರು ಕಂಡವನಲ್ಲ. ಆದರೂ ಸಮುದ್ರದ ಕಡೆ ತಿರುಗಿ ನೋಡಲು ನನಗೆ ಪುರಸೊತ್ತಾಗಲಿಲ್ಲ. ಮಹಾದೇವಿ ಮಾತ್ರ ಬೇಯಿಸದ ಸೊಪ್ಪು, ಬಿಳಿ ಸಾಸು ಸುರಿದ ಶಾವಿಗೆ ನೋಡಿ ನೋಡಿ ಸೊರಗುತ್ತಿದ್ದಳು. ಬಾಯಿಬಿಟ್ಟು ಏನೂ ಅನ್ನಲಿಲ್ಲ. ಅಂದಿದ್ದರೆ ನನಗೆ ಜಗಳಾಡಲು ಅನುಕೂಲವಾಗುತ್ತಿತ್ತು.

ಒಂದು ಮಧ್ಯಾಹ್ನ ಅವಳು ಹಟಹಿಡಿದು ನನ್ನನ್ನು ಮರಳಿಗೆ ಎಳೆದೊಯ್ದಳು. ರೆಸಾರ್ಟಿನ ಮರಳು ಎಲ್ಲಿ ಮುಗಿಯಿತು, ಊರಿನ ಮರಳು ಎಲ್ಲಿ ಶುರುವಾಯಿತು ಎಂದು ತಿಳಿಯಲು ನಡುವೆ ಒಂದು ಹಗ್ಗ ಕಟ್ಟಿದ್ದರು. ಹಗ್ಗದ ಆಚೆ ಎಳನೀರು ಮಾರುತ್ತ ಕೂತ ಹೆಂಗಸೊಬ್ಬಳು ನಾಯಿಗೆ ಬೈಯುತ್ತಿದ್ದಳು: "ಹಚಾ! ನಿನ್ನ ಬಾಯಾಗ ಮಣ್ಣ ಬೀಳ್ಲಿ, ಸರಿ ಆಕಡೆ!" ಆ ಬೈಗುಳ ಕೇಳಿದ ಕೂಡಲೇ ಮಹಾದೇವಿಯ ಮುಖ ಅರಳಿತು. ಓಡಿಹೋಗಿ, "ಯಾವೂರವ್ವಾ ನಿಂದು?" ಎಂದಳು.

"ಯಮಕನಮರಡಿ ಬಾಜೂಕರಿ. ನಿಮ್ದ್ರಿ?"

ಅವಳ ಹೆಸರು ಕಲ್ಲವ್ವ. ಗಂಡ ಮನೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದವನು ಇಲ್ಲೇ ನೆಲೆನಿಂತಿದ್ದ. ಒಂದು ಎಳನೀರು ಕುಡಿಯುವಷ್ಟರಲ್ಲಿ ಇಬ್ಬರೂ ಹೆಂಗಸರು ಹುಕ್ಕೇರಿ ಕಡೆಯ ಯಾವುದೋ ಸೋದರತ್ತೆಯನ್ನು ಹಿಡಿದು ಬೀಗತನ ಕೂಡಿಸಿಯೇಬಿಟ್ಟರು. ಮಾತಿನ ನಡುವೆ ಕಲ್ಲವ್ವ, "ಒಳಗ ಊಟಕ್ಕೇನ್ ಮಾಡಿರ್ತಾರ್ರಿ?" ಎಂದು ಕೇಳಿದಳು. ನಾನು ಎದೆ ಸೆಟೆಸಿ, "ಏನಿಲ್ಲಂತ ಕೇಳವ್ವಾ! ಬಾ, ಊಟ ಮಾಡೂಣು" ಎಂದೆ.

ಇಲ್ಲೊಂದು ಮಾತು ಹೇಳಬೇಕು. ನಮ್ಮ ಕಡೆ ಉಣ್ಣುವ ಹೊತ್ತಿನಲ್ಲಿ ಎದುರಿಗೆ ಯಾರೇ ಬರಲಿ, "ಬರ್ರಿ, ಊಟ ಮಾಡೂಣು" ಅನ್ನದಿದ್ದರೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಅವರೂ ಅಷ್ಟೇ ಸಲೀಸಾಗಿ, "ಆತ್ರಿ, ಮಾಡ್ರಿ ನೀವು" ಅನ್ನುತ್ತಾರೆ. ಅಲ್ಲಿಗೆ ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಆದರೆ ಕರೆದ ಮೇಲೆ ಒಬ್ಬರು ಬಂದೇಬಿಟ್ಟರೆ ಮಾತ್ರ ತಾಟು ಹಾಕಲೇಬೇಕು. ಕರೆದು ಹಸಿದ ಹೊಟ್ಟೆಯಲ್ಲಿ ಕಳಿಸಿದ ಮನೆಯ ಕಥೆಯನ್ನು ಊರಲ್ಲಿ ಬಹಳ ದಿನ ಆಡಿಕೊಳ್ಳುತ್ತಾರೆ.

ಪರವೂರಲ್ಲಿ ಕಲ್ಲವ್ವನನ್ನು ಊಟಕ್ಕೆ ಕರೆದವರು ಯಾರೂ ಇರಲಿಲ್ಲವೋ ಏನೋ, ಆ "ಆತ್ರಿ" ಅವಳಿಗೆ ಮರೆತೇಹೋಗಿತ್ತು. "ಖರೇ ಬರ್ಲೇನ್ರಿ ಅಣ್ಣಾರ?" ಎಂದಳು. ನಾನು, "ಖರೇ ಅಲ್ದ ಸುಳ್ಳ ಹೇಳ್ತೇನೇನು?" ಎಂದೆ. ಅವಳು ಎಳನೀರಿನ ಮೇಲೆ ಗೋಣಿಚೀಲ ಹೊದಿಸಿ, ಮುಖ ತೊಳೆದು, ತಲೆಮೇಲೆ ಸೆರಗು ಹೊದ್ದು, ಕಾಲಿನ ಮರಳು ಝಾಡಿಸಿ ಹೊರಟಳು.

ಹಗ್ಗದ ಬಳಿಯ ಕಾವಲುಗಾರ ಕೈ ಅಡ್ಡ ಹಿಡಿದ. ನಾನು ನನ್ನ ಹರಕು ಹಿಂದಿಯಲ್ಲಿ, "ಹಮಾರಾ ಬೀಗರ್ ಹೈ" ಎಂದೆ. ಅವನಿಗೆ ನಮ್ಮ ಬೀಗತನ ತಿಳಿಯಲಿಲ್ಲ. ಕಲ್ಲವ್ವನ ಹಳದಿ ಪಟ್ಟಿಯಿಲ್ಲದ ಬರಿಗೈ ಮಾತ್ರ ಕಂಡಿತು. ಮ್ಯಾನೇಜರು ಬಂದ. ದಂಡೆಯಲ್ಲಿ ಮಾರುವವರನ್ನು ಒಳಗೆ ಬಿಡುವ ಹಾಗಿಲ್ಲ ಎಂದು ಬಹಳ ನಯವಾಗಿ ಹೇಳಿದ. "ನನ್ನ ಪಾಲಿಂದು ಕೊಡ್ರಿ, ನಾ ಉಪವಾಸ ಇರ್ತೇನಿ" ಎಂದೆ. ಊಟ ಹೊರಗೆ ಕೊಡುವ ಹಾಗೂ ಇಲ್ಲವಂತೆ. ಅಂಗಡಿಯಲ್ಲಾಗಿದ್ದರೆ ಇಂಥ ಹತ್ತು ಮ್ಯಾನೇಜರುಗಳನ್ನು ಮಾತಲ್ಲೇ ಮಡಚಿ ಇಡುತ್ತಿದ್ದೆ. ಚಡ್ಡಿ ಹಾಕಿಕೊಂಡು ನಿಂತವನಿಗೆ ಆ ಧೈರ್ಯ ಎಲ್ಲಿಂದ ಬರಬೇಕು!

ಕಲ್ಲವ್ವನೇ ನನ್ನನ್ನು ಸಮಾಧಾನ ಮಾಡಿದಳು. "ಇರ್ಲಿ ಬಿಡ್ರಿ ಅಣ್ಣಾರ, ಇದೇನ್ ನಿಮ್ಮನಿ ಏನು? ನೀವ ಬರ್ರಿ ನಮ್ಮಲ್ಲಿಗೆ. ಇಲ್ಲೇ ಹಿಂದಿನ ಓಣ್ಯಾಗ ಮನಿ. ಮುಂಜಾನೆ ರೊಟ್ಟಿ ಬಡದೇನಿ, ಪುಂಡಿಪಲ್ಯೆ ಐತಿ."

ಪುಂಡಿಪಲ್ಯೆ ಎಂದಾಗ ಮಹಾದೇವಿ ನನ್ನ ಕಡೆ ನೋಡಿದ ನೋಟವನ್ನು ಏನೆಂದು ಹೇಳಲಿ. ಆಗಲೇ ಚಪ್ಪಲಿಯಲ್ಲಿ ಕಾಲು ತೂರಿಸಿ ನಿಂತಿದ್ದಳು. ಆದರೆ ಅದೇ ಹೊತ್ತಿಗೆ ಒಳಗಿನಿಂದ ಬಿಸಿ ಜಿಲೇಬಿಯ ವಾಸನೆ ಬಂತು. ನನ್ನ ಬಾಯಿ ನನ್ನನ್ನು ಕೇಳದೆ, "ಇಲ್ಲಿದು ಸುಮ್ನ ಹಾಳಾಗತೈತಿ, ನಾಳೆ ಬರ್ತೇವಿ ತಗೋವಾ" ಎಂದುಬಿಟ್ಟಿತು.

"ನಾಳೆ ಅಂದ್ರ ನಾಳೆ. ದಾರಿ ನೋಡ್ತೇನ್ರಿ ಮತ್ತ" ಎಂದು ಕಲ್ಲವ್ವ ಹೋದಳು. ಜಿಲೇಬಿ ಚೆನ್ನಾಗಿತ್ತು. ಎಷ್ಟು ತಿಂದೆನೆಂದು ಕೇಳಬೇಡಿ.

ಮರುದಿನ ನಾವು ಹೊರಡುವ ದಿನ. ಕಂಪನಿಯವರ ಸಭೆ ಉದ್ದವಾಯಿತು. ನನಗೊಂದು ಪೇಟ ಸುತ್ತಿದರು, ಹೆಗಲಿಗೆ ಶಾಲು ಹಾಕಿದರು, ಅಲ್ಲೇ ಊಟಕ್ಕೂ ಕೂರಿಸಿದರು. ಬಸ್ಸಿಗೆ ಚೀಲ ಏರಿಸುವಾಗ ಮಹಾದೇವಿ, "ಕಲ್ಲವ್ವನ ಮನಿಗೆ?" ಎಂದಳು. ಪೇಟ ತಲೆಯ ಮೇಲೆ ಇದ್ದ ಹಾಗೇ ಹಗ್ಗದ ತನಕ ಓಡಿದೆ. ಎಳನೀರಿನ ರಾಶಿಯ ಮೇಲೆ ಗೋಣಿಚೀಲ ಹೊದಿಸಿತ್ತು, ಅವಳು ಇರಲಿಲ್ಲ. ಪಕ್ಕದಲ್ಲಿ ಶೇಂಗಾ ಮಾರುತ್ತಿದ್ದ ನಮ್ಮ ಕಡೆಯವಳೇ ಆದ ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆಕಿ ಇಲ್ಲೋ ಯಪ್ಪಾ. ಊರಿನ ಬೀಗರು ಉಣ್ಣಾಕ ಬರ್ತಾರಂತ ಆಗಳೇ ಮನಿಗಿ ಹೋಗ್ಯಾಳು" ಎಂದಳು.

ಮನೆ ಎಲ್ಲಿ ಎಂದು ಕೇಳುವುದರಲ್ಲಿ ಬಸ್ಸಿನ ಹಾರ್ನು ಕೂಗತೊಡಗಿತು. ಗೋಕಾಕದ ಡೀಲರುಗಳು ಕಿಟಕಿಯಿಂದ ಕೂಗುತ್ತಿದ್ದರು. ನಾನು ಬಂದು ಬಸ್ಸು ಹತ್ತಿದೆ. ಹತ್ತಬಾರದಿತ್ತು. ಅವರು ಬೈದುಕೊಂಡಾದರೂ ಅರ್ಧ ತಾಸು ನಿಲ್ಲುತ್ತಿದ್ದರು, ಇಲ್ಲದಿದ್ದರೆ ಬೇರೆ ಬಸ್ಸು ಸಿಗುತ್ತಿತ್ತು. ಬಸ್ಸು ಚೋರ್ಲಾ ಘಾಟು ಏರಿತು. ಮಹಾದೇವಿ ಕಿಟಕಿಯ ಕಡೆಗೇ ಮುಖ ಮಾಡಿ, "ನಮಗಂತನ ಬಿಸಿ ರೊಟ್ಟಿ ಬಡದಿರ್ತಾಳ್ರಿ ಆಕಿ. ಈಗ ಬಾಗಲ ಮುಂದ ನಿಂತಿರ್ತಾಳು" ಎಂದಳು. ನನಗೆ ಅಳು ಬಂದ ಹಾಗಾಯಿತು. ಪೇಟ ಕಟ್ಟಿಕೊಂಡು ಅಳುವುದು ಚೆನ್ನಾಗಿರುವುದಿಲ್ಲವೆಂದು ಸುಮ್ಮನಾದೆ.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಉಣ್ಣಲು ಕೂತಿದ್ದೆ. ಹಳೆಯ ಗಿರಾಕಿ ಬಸಪ್ಪ ಕಾಕಾ ಬಾಗಿಲಿಗೆ ಬಂದು ಅಂಗಡಿ ಯಾವಾಗ ತೆಗೆಯುತ್ತೀರಿ ಎಂದು ಕೇಳಿದ. ರೂಢಿಯಂತೆ, "ಬರ್ರಿ ಕಾಕಾ, ಊಟ ಮಾಡೂಣು" ಎಂದೆ. ಅವನೂ ರೂಢಿಯಂತೆ, "ಆತ್ರಿ, ಮಾಡ್ರಿ ನೀವು" ಎಂದ. ಒಳಗಿಂದ ಮಹಾದೇವಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೂಗಿದಳು: "ಕಾಕಾ, ಅವರು ಕರದದ್ದ ಬಿಡ್ರಿ. ನಾ ಕರ್ಯಾಕತ್ತೇನಿ, ಬರ್ರಿ!"

ಬಸಪ್ಪ ಕಾಕಾ ನನ್ನ ಮುಖ ನೋಡಿದ, ಚಪ್ಪಲಿ ಬಿಟ್ಟು ಒಳಗೆ ಬಂದ. ನಾನು ನನ್ನ ತಾಟು ಸರಿಸಿ ಜಾಗ ಬಿಟ್ಟೆ.