ವರದರಾಜ ಮೇಷ್ಟ್ರು ಹಡಗು ಹತ್ತಲು ಹೊರಟದ್ದು

ಎಲ್ಲಕ್ಕೂ ಮೂಲ ಒಂದು ಕಾಫಿ ಲೋಟ.

ಮೇಜಿನ ಮೇಲಿದ್ದದ್ದು ಯಾವುದೋ ಹಳೇ ಕಾಗದ ಎಂದುಕೊಂಡು ಆಂಡಾಳ್ ಬಿಸಿ ಲೋಟ ಇಟ್ಟದ್ದು ಗಂಡನ ಪಾಸ್‌ಪೋರ್ಟಿನ ಜೆರಾಕ್ಸ್ ಮೇಲೆ. ಎತ್ತಿ ನೋಡಿದರೆ ವರದರಾಜ ಮೇಷ್ಟ್ರ ಮುಖದ ಸುತ್ತ ದುಂಡಗೆ ಕಂದು ಗೆರೆ ಬಿದ್ದಿತ್ತು, ದೇವರ ಪಟಗಳಲ್ಲಿ ತಲೆಯ ಹಿಂದೆ ಪ್ರಭಾವಳಿ ಇರುತ್ತದಲ್ಲ, ಹಾಗೆ. "ಲಕ್ಷಣವಾಗೇ ಇದೆ ಬಿಡಿ" ಎಂದು ಆಕೆ ಅದನ್ನೇ ಮಂಡ್ಯದ ಟ್ರಾವೆಲ್ಸ್ ಆಫೀಸಿಗೆ ಕಳಿಸಿಬಿಟ್ಟಿದ್ದರು.

ಬುಧವಾರ ಬೆಳಿಗ್ಗೆ ಆಫೀಸಿನ ಅರ್ಪಿತ ಫೋನ್ ಮಾಡಿದಳು.

"ಸಾರ್, ವೀಸಾದವ್ರು ಜೆರಾಕ್ಸ್ ವಾಪಸ್ ಹಾಕಿದಾರೆ. ಇಬ್ಬರದೂ ಒರಿಜಿನಲ್ ಪಾಸ್‌ಪೋರ್ಟ್ ತಗೊಂಡು ಬನ್ನಿ, ಇಲ್ಲೇ ಸ್ಕ್ಯಾನ್ ಮಾಡಿ ಕಳಿಸ್ತೀವಿ. ಮೊಬೈಲ್ ಫೋಟೋ ನಡೆಯಲ್ಲ. ಇವತ್ತು ಸಾಯಂಕಾಲ ನಾಲ್ಕು ಗಂಟೆಗೆ ಕಡೇ ಟೈಮು. ಅದು ತಪ್ಪಿದ್ರೆ ಹಡಗು ನಿಮ್ಮನ್ನ ಬಿಟ್ಟೇ ಹೋಗುತ್ತೆ."

"ತಿಳಿಸಿದ್ದಕ್ಕೆ ದೊಡ್ಡ ಉಪಕಾರ ಆಯ್ತಮ್ಮ," ಎಂದರು ಮೇಷ್ಟ್ರು.

ಅವರು ಇರುವುದೇ ಹಾಗೆ. ನಾಳೆ ಇಡೀ ದಿನ ಕರೆಂಟು ಇರುವುದಿಲ್ಲ ಎಂದು ಹೇಳಲು ಬಂದ ಲೈನ್‌ಮನ್ನಿಗೂ ಕೈಮುಗಿದು ಕಳಿಸುವವರು.

ಮಳವಳ್ಳಿಯ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಭೂಗೋಳ ಪಾಠ ಮಾಡಿ ಹೋದ ತಿಂಗಳಷ್ಟೇ ನಿವೃತ್ತರಾಗಿದ್ದರು. ಗೋಡೆಯ ಮೇಲಿನ ನಕ್ಷೆಯಲ್ಲಿ ಮಲಕ್ಕಾ ಜಲಸಂಧಿಯನ್ನು ಬೆತ್ತದ ತುದಿಯಿಂದ ಎಷ್ಟು ಸಲ ತೋರಿಸಿದ್ದರೆಂದರೆ, ಆ ಜಾಗದಲ್ಲಿ ಬಟ್ಟೆ ತೂತಾಗಿತ್ತು. ಸಮುದ್ರವನ್ನು ಮಾತ್ರ ಕಂಡದ್ದು ಒಂದೇ ಸಲ, ಶಾಲೆಯ ಪ್ರವಾಸದಲ್ಲಿ. ಆಗಲೂ ಮಕ್ಕಳ ತಲೆ ಎಣಿಸುತ್ತ ಸಮುದ್ರಕ್ಕೆ ಬೆನ್ನು ಹಾಕಿಯೇ ನಿಂತಿದ್ದರು. ಇದು ಗೊತ್ತಿದ್ದ ಆಂಡಾಳ್, ಹತ್ತು ವರ್ಷ ಪುಳಿಯೋಗರೆ ಗೊಜ್ಜು ಮಾಡಿ ಮಾರಿ ಕೂಡಿಟ್ಟದ್ದನ್ನೆಲ್ಲ ತೆಗೆದು, ಗುಟ್ಟಾಗಿ ಮಂಡ್ಯಕ್ಕೆ ಹೋಗಿ, ಇಬ್ಬರಿಗೂ ಟೂರ್ ಗೊತ್ತುಮಾಡಿದ್ದರು. ಮೊದಲು ಮೂರು ದಿನ ಸಿಂಗಾಪುರದಲ್ಲಿ ಊರು ನೋಡುವುದು. ಆಮೇಲೆ ಅಲ್ಲೇ ಹಡಗು ಹತ್ತಿ ಹದಿನಾಲ್ಕು ದಿನ ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ. ನಿವೃತ್ತಿಯ ದಿನ ಹೆಂಡತಿ ಆ ಟೂರಿನ ಕಾಗದ ಕೈಗಿತ್ತಾಗ ಮೇಷ್ಟ್ರು ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತುಬಂದಿದ್ದರು.

ಆದ್ದರಿಂದ ಈಗ ಪಾಸ್‌ಪೋರ್ಟುಗಳನ್ನು ಕೈಚೀಲಕ್ಕೆ ಹಾಕಿಕೊಂಡು ಒಂದೇ ಉಸಿರಿಗೆ ಬಸ್ ಸ್ಟ್ಯಾಂಡಿಗೆ ನಡೆದರು. ಸುತ್ತಮುತ್ತಲ ಮೂರು ತಾಲ್ಲೂಕಿನಲ್ಲಿ ತಮ್ಮ ಹಳೇ ಶಿಷ್ಯರು ಎಷ್ಟು ಜನ ಇದ್ದಾರೆ ಎಂಬುದು ಅವರ ಲೆಕ್ಕಕ್ಕೆ ಬರಲಿಲ್ಲ.

"ಮೇಷ್ಟ್ರೇ!"

ಮದ್ದೂರಿನ ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಪುಟ್ಟರಾಜು ಹಾರಿ ಇಳಿದ. "ಎಲ್ಲಿಗೆ ಸಾ?"

"ಮಂಡ್ಯಕ್ಕೆ ಕಣಪ್ಪ. ಮಂಡ್ಯದ ಬಸ್ಸಿಗೆ ಕಾಯ್ತಿದೀನಿ."

"ಅದು ಬರೋದು ತಡ ಆಯ್ತದೆ. ನಮ್ ಬಸ್ಸಲ್ಲಿ ಮದ್ದೂರ್ಗೆ ಬಂದ್ಬುಡಿ. ಅಲ್ಲಿಂದ ಮಂಡ್ಯಕ್ಕೆ ಗಳಿಗೆಗೊಂದು ಬಸ್ಸು. ನೀವ್ ಕಲಿಸಿದ ಇದ್ಯೆ ತಿಂದು ಬದುಕ್ತಾ ಇವ್ನಿ, ನಿಮ್ಮನ್ನ ಬಿಸ್ಲಲ್ಲಿ ನಿಲ್ಸಿ ಓಗಕಾಯ್ತದಾ?"

ಪುಟ್ಟರಾಜು ಅವರನ್ನು ಎತ್ತಿ ತಂದಂತೆ ತಂದು ಡ್ರೈವರ್ ಹಿಂದಿನ ಸೀಟಿನಲ್ಲಿ ಕೂರಿಸಿದ. ಅಲ್ಲಿ ಮೊದಲೇ ಕೂತಿದ್ದವನನ್ನು ಎಬ್ಬಿಸಿ ಹಿಂದಕ್ಕೆ ಕಳಿಸಿದ. ಮಂಡ್ಯದಲ್ಲಿ ಏನು ಕೆಲಸ ಎಂದು ಕೇಳಿ ತಿಳಿದುಕೊಂಡು, ಟಿಕೆಟ್ ಹರಿಯುವುದನ್ನೂ ಬಿಟ್ಟು ಬಸ್ಸಿಗೆಲ್ಲ ಸಾರಿದ.

"ಕೇಳ್ರಪ್ಪೋ! ನಮ್ ಮೇಷ್ಟ್ರು ಅಡಗಲ್ಲಿ ಏಸ್ಯಾ ಸುತ್ತಾಕೆ ಓಯ್ತಾವ್ರೆ!"

ಬಸ್ಸಿನ ತುಂಬ ಸಲಹೆಗಳು ಎದ್ದವು. ಹಲಗೂರಿನ ಹೆಂಗಸೊಬ್ಬಳು, "ಅದ್ನಾಕು ದಿನ ಮುದ್ದೆ ಇಲ್ದೆ ಎಂಗಿದ್ದೀರಿ ಸ್ವಾಮಿ? ರಾಗಿಹಿಟ್ಟು ಕಟ್ಕೊಂಡೋಗಿ" ಎಂದಳು. ಕಿರುಗಾವಲಿನ ಮುದುಕರೊಬ್ಬರು ಹಡಗಿನಲ್ಲಿ ನಡುವಿಗೆ ಕೂರಬೇಕೆಂದೂ, ಅಂಚಿಗೆ ಹೋದರೆ ಅದು ಒಂದು ಕಡೆಗೆ ವಾಲುತ್ತದೆಂದೂ ಎಚ್ಚರಿಸಿದರು. ತೆಪ್ಪದಲ್ಲಿ ಅವರಿಗೆ ಹಾಗೆ ಆಗಿತ್ತಂತೆ. ಮೇಷ್ಟ್ರು ಒಬ್ಬೊಬ್ಬರಿಗೂ ತಿರುಗಿ ತಿರುಗಿ, "ಉಪಕಾರ ಆಯ್ತು, ಉಪಕಾರ ಆಯ್ತು" ಎನ್ನುತ್ತ ಮದ್ದೂರು ಬರುವಷ್ಟರಲ್ಲಿ ಕತ್ತು ಹಿಡಿಸಿಕೊಂಡರು.

ಮದ್ದೂರಿನಲ್ಲಿ ಇಳಿದಾಗ ಒಂದು ಗಂಟೆ. ಕಾಲ ಬೇಕಾದಷ್ಟಿತ್ತು. ಆದರೆ ಪುಟ್ಟರಾಜು ದಾರಿಯಲ್ಲೇ ಫೋನ್ ಮಾಡಿ ಸುದ್ದಿ ಮುಟ್ಟಿಸಿದ್ದರಿಂದ, ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನ ಚಲುವರಾಜು ಹಾರ ಹಿಡಿದುಕೊಂಡು ಕಾದು ನಿಂತಿದ್ದ. ಅವನೂ ಶಿಷ್ಯನೇ.

"ಚಲುವರಾಜು, ನಾಲ್ಕಕ್ಕೆ ಮಂಡ್ಯದಲ್ಲಿ ಇರಬೇಕಪ್ಪ. ಸೀಟು ಸಿಗಲ್ಲ ಆಮೇಲೆ."

"ಸೀಟಿನ್ ಯೋಚ್ನೆ ನಿಮ್ಗ್ಯಾಕೆ ಸಾ? ಕೊಡಿ ಇತ್ಲಾಗೆ."

ಚೀಲ ಕಿತ್ತುಕೊಂಡವನೇ ಹೊರಗೆ ಓಡಿ, ನಿಂತಿದ್ದ ಮಂಡ್ಯದ ಬಸ್ಸಿನ ಕಿಟಕಿಯೊಳಗೆ ಅದನ್ನು ಹಾಕಿ ಬಂದ. "ಸೀಟು ಇಡ್ದಿವ್ನಿ. ಬಸ್ಸು ಒಂಡಾಕೆ ಇನ್ನೂ ಅರ್ಧ ಗಂಟೆ ಐತೆ. ಕುಂತ್ಕಳಿ."

ವಡೆ ಬಂತು. ಚಟ್ನಿ ಬಂತು. ಇನ್ನೆರಡು ವಡೆ ಬಂತು. ಕೊರಳಿಗೆ ಸುಗಂಧರಾಜದ ಹಾರ, ಹೆಗಲಿಗೆ ಜರಿ ಶಾಲು. ಗಿರಾಕಿಗಳೆಲ್ಲ ತಟ್ಟೆ ಬಿಟ್ಟು ನಿಂತರು. ಚಲುವರಾಜು ಭಾಷಣ ಮಾಡಿದ. "ಈ ಮಹಾನುಭಾವ್ರು ಒಂದಿನ ನನ್ ಕಿವಿ ಇಂಡಿ, ನೀನ್ ಓದಕ್ಕೆ ಲಾಯಕ್ಕಿಲ್ಲ, ವಡೆ ಸುಡೋಗು ಅಂದ್ರು. ಇವತ್ತು ನಂದು ಮೂರು ಓಟ್ಲು!" ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ನಾಚಿಕೆಯೂ ಆಯಿತು, ಕಣ್ಣೂ ಒದ್ದೆಯಾಯಿತು. ಕೈಮುಗಿದು ಹೊರಗೆ ನೋಡಿದರು.

ಬಸ್ಸು ಇರಲಿಲ್ಲ. ಚೀಲಕ್ಕೆ ಸೀಟು ಸಿಕ್ಕಿತ್ತು, ಅದು ಹೊರಟುಹೋಗಿತ್ತು.

"ಅಯ್ಯೋ, ಅದರಲ್ಲಿ ಪಾಸ್‌ಪೋರ್ಟ್ ಇತ್ತಲ್ಲೋ!"

ಚಲುವರಾಜು ಬೀದಿಗೆ ಹಾರಿ, ಎಳನೀರು ತುಂಬಿಕೊಂಡು ಹೋಗುತ್ತಿದ್ದ ಗೂಡ್ಸ್ ಟೆಂಪೋಗೆ ಅಡ್ಡ ನಿಂತ. "ಮರಿಸಿದ್ದಾ! ನಿಲ್ಸ್ಲಾ! ಮೇಷ್ಟ್ರನ್ನ ಕೂರಿಸ್ಕೊಂಡು ಆ ಮಂಡ್ಯ ಬಸ್ಸು ಇಡೀಲಾ!"

ಡ್ರೈವರ್ ಮರಿಸಿದ್ದಯ್ಯನೂ ಶಿಷ್ಯನೇ ಎಂದು ಬೇರೆ ಹೇಳಬೇಕಾಗಿಲ್ಲ. ಮುಂದೆ ಅವನ ಪಕ್ಕದ ಸೀಟಿನ ಮೇಲೂ ಎಳನೀರು ರಾಶಿ ಬಿದ್ದಿತ್ತು. ಆದ್ದರಿಂದ ಮೇಷ್ಟ್ರು ಹಿಂದೆ ಎಳನೀರಿನ ರಾಶಿಯ ಮೇಲೆಯೇ ಕೂತರು, ಹಗ್ಗ ಹಿಡಿದುಕೊಂಡು, ಕೊರಳಲ್ಲಿ ಹಾರ, ಹೆಗಲಲ್ಲಿ ಶಾಲು. ಟೆಂಪೋ ಹಾರನ್ ಬಾರಿಸುತ್ತ ಓಡಿತು. ರಸ್ತೆ ಬದಿಯ ಹಳ್ಳಿಗಳ ಜನ ಯಾರೋ ಚುನಾವಣೆಗೆ ನಿಂತವರೆಂದು ತಿಳಿದು ಕೈಮುಗಿದರು. ಕೈಮುಗಿದವರಿಗೆ ಮರಳಿ ಮುಗಿಯದೆ ಇರುವುದು ಮೇಷ್ಟ್ರ ಕೈಲಾಗದ ಮಾತು. ಮುಗಿದರು, ಹಗ್ಗ ಬಿಟ್ಟರು, ಎಳನೀರಿನ ಮೇಲೆ ಉರುಳಿದರು. ಒಂದು ಕಡೆ ಏಳೆಂಟು ಜನ ಟೆಂಪೋ ತಡೆದೇಬಿಟ್ಟರು.

"ಸ್ವಾಮಿ, ನಮ್ ಬೀದಿ ಚರಂಡಿ ಮೂರು ವರ್ಸದಿಂದ ಕಟ್ಕಂಡದೆ!"

"ನಾನು ಭೂಗೋಳದ ಮೇಷ್ಟ್ರು ಕಣ್ರಪ್ಪಾ!"

"ಯಾವ ಪಕ್ಷವಾದ್ರೂ ಆಗ್ಲಿ, ಬಂದು ನೋಡ್ಬುಡಿ!"

ಇಳಿದು ಚರಂಡಿ ನೋಡಿಕೊಂಡು, ಅರ್ಜಿ ಇಸಿದುಕೊಂಡು ಹೊರಡುವಷ್ಟರಲ್ಲಿ ಅರ್ಧ ಗಂಟೆ ಹೋಯಿತು.

ಮಂಡ್ಯದ ಬಸ್ ಸ್ಟ್ಯಾಂಡಿಗೆ ಬಂದಾಗ ಮೂರೂಕಾಲು. ಆ ಬಸ್ಸು ಎಂದೋ ಖಾಲಿಯಾಗಿ ಬೇರೆ ಊರಿನ ಬೋರ್ಡು ಹಾಕಿಕೊಂಡು ಹೋಗಿತ್ತು. ಹತ್ತು ವರ್ಷ ಒಲೆಯ ಮುಂದೆ ನಿಂತು ಹುಣಸೆಹಣ್ಣು ಕುದಿಸಿದ ಹೆಂಡತಿಗೆ ಏನೆಂದು ಹೇಳುವುದು? ಮರಿಸಿದ್ದಯ್ಯ ಪ್ಲಾಟ್‌ಫಾರಮ್ಮಿನ ಆ ತುದಿಯಿಂದ ಈ ತುದಿಗೆ ಓಡಾಡಿದ.

"ಏ ಹಾರದವ್ರೇ, ಇಲ್ ಬನ್ನಿ ಇಲ್ಲಿ."

ಕಂಬಕ್ಕೆ ಒರಗಿ ಕೂತಿದ್ದ ಮುದುಕಿ. ಅವಳ ಮಡಿಲಲ್ಲಿ ಅವರ ಚೀಲ, ಎರಡೂ ಕೈಯಿಂದ ಅವುಚಿಕೊಂಡಿದ್ದಳು.

"ಅಮ್ಮಾ, ಅದು ನನ್ನದು..."

"ಅಂಗಂತ ಇಬ್ರು ಆಗ್ಲೇ ಯೋಳಿ ಓದ್ರು. ಮೊಕ ತೋರ್ಸಿ." ಮುದುಕಿ ಪಾಸ್‌ಪೋರ್ಟ್ ತೆಗೆದು, ಚಿತ್ರವನ್ನೂ ಮೇಷ್ಟ್ರನ್ನೂ ಎರಡೆರಡು ಸಲ ನೋಡಿದಳು. "ಇದ್ರಲ್ಲಿ ಕಳ್ಳನಂಗೆ ಕಾಣ್ತೀರಿ. ಆದ್ರೂ ಮೂಗು ಒಂದೇಯ. ತಕಳಿ."

ಅವಳ ಹೆಸರು ಮಹದೇವಮ್ಮ, ದುದ್ದದವಳು. ಬಸ್ಸಿನಲ್ಲಿ ವಾರಸುದಾರರಿಲ್ಲದ ಚೀಲ ಕಂಡು, ಕಂಡಕ್ಟರ್ ಕೇಳಿದರೂ ಕೊಡದೆ, ಕಳೆದುಕೊಂಡವರು ಹುಡುಕಿ ಬಂದೇ ಬರುತ್ತಾರೆಂದು ತನ್ನೂರಿನ ಎರಡು ಬಸ್ಸು ಬಿಟ್ಟು ಕೂತಿದ್ದಳು. ಅವಳು ಯಾವ ಕಾಲಕ್ಕೂ ಅವರ ಶಿಷ್ಯೆಯಲ್ಲ. ಶಾಲೆಯ ಮೆಟ್ಟಿಲು ಹತ್ತಿದವಳೇ ಅಲ್ಲ. ಬೆಳಗಿನಿಂದ ನೂರು ಸಲ "ಉಪಕಾರ" ಎಂದಿದ್ದ ಮೇಷ್ಟ್ರಿಗೆ ಈಗ ಆ ಮಾತು ತೀರ ಸಣ್ಣದೆನಿಸಿತು. ಹೆಗಲ ಶಾಲು ತೆಗೆದು ಅವಳಿಗೆ ಹೊದಿಸಿ, ತಲೆಬಾಗಿ ನಿಂತರು.

"ನಂಗ್ಯಾಕಪ್ಪ ಇದು, ಬಿಸ್ಲಲ್ಲಿ! ಓಗಿ ಓಗಿ, ನಿಮ್ಗೇನೋ ಅವಸರ ಅದೆ."

ಟ್ರಾವೆಲ್ಸ್ ಆಫೀಸಿನ ಬಾಗಿಲು ತಳ್ಳಿದಾಗ ನಾಲ್ಕಕ್ಕೆ ಏಳು ನಿಮಿಷ. ಅರ್ಪಿತ ಪಾಸ್‌ಪೋರ್ಟುಗಳನ್ನು ಕಸಿದುಕೊಂಡು ಸ್ಕ್ಯಾನ್ ಮಾಡಿ ಕಳಿಸಿದಳು. ನಾಲ್ಕಕ್ಕೆ ಒಂದು ನಿಮಿಷ ಇದೆಯೆನ್ನುವಾಗ, "ಹೋಯ್ತು ಸಾರ್!" ಎಂದಳು. ಮೇಷ್ಟ್ರು ಕುರ್ಚಿಗೆ ಬಿದ್ದರು. ಆ ಗಳಿಗೆಯಲ್ಲಿ ಲೋಕದಲ್ಲಿ ಅವರಷ್ಟು ಋಣಿಯಾದ ಮನುಷ್ಯ ಇನ್ನೊಬ್ಬ ಇರಲಿಲ್ಲ.

ಒಳಗಿನ ಕೋಣೆಯಿಂದ ಮಾಲೀಕ ಬಂದ. ಬಂದವನೇ ಉದ್ದಕ್ಕೆ ಅವರ ಕಾಲಿಗೆ ಬಿದ್ದ.

"ಗುರ್ತು ಸಿಗ್ಲಿಲ್ವಾ ಸಾ? ಲಿಂಗರಾಜು. ಒಂಬತ್ನೇ ಕ್ಲಾಸು, ಕಡೇ ಬೆಂಚು. ಪರೀಕ್ಸೇಲಿ ಇಂಡಿಯಾ ನಕ್ಸೆ ಬರಿ ಅಂದಿದ್ರು. ನಂಗೆ ಬರ್ನಿಲ್ಲ. ನಮ್ಮನೆ ಎಮ್ಮೆ ಬರ್ದಿದ್ದೆ. ಅದ್ಕೂ ಮಾರ್ಕ್ಸ್ ಕೊಟ್ಟು, ಭೂಗೋಳದಲ್ಲಿ ಮೂವತ್ತೈದು ಆಕಿ ಪಾಸು ಮಾಡಿದ್ರಿ. ಅವತ್ ಫೇಲ್ ಮಾಡಿದ್ರೆ ನಾನ್ ಸ್ಕೂಲ್ ಬುಡ್ತಿದ್ದೆ. ಈ ಟ್ರಾವೆಲ್ಸು, ಈ ಕುರ್ಚಿ, ಎಲ್ಲ ನಿಮ್ ಭಿಕ್ಸೆ."

ಮೇಷ್ಟ್ರು ಅವನ ತಲೆಯ ಮೇಲೆ ಕೈಯಿಟ್ಟರು. "ನೀನು ಇಷ್ಟು ಬೆಳೆದಿದ್ದೀಯಲ್ಲಪ್ಪ, ಅದೇ ನನಗೆ ದೊಡ್ಡ ಉಪಕಾರ."

"ಉಪಕಾರ ಈಗ ನೋಡಿ ಸಾ." ಲಿಂಗರಾಜು ಬಣ್ಣದ ಹಾಳೆಯೊಂದನ್ನು ಮುಂದಿಟ್ಟ. "ಅಮ್ಮಾವ್ರು ದುಡ್ಡು ಕಟ್ಟಿ ಓದ್ಮೇಲೆ ಪಾಸ್‌ಪೋರ್ಟ್ ಜೆರಾಕ್ಸಲ್ಲಿ ನಿಮ್ಮೆಸ್ರು ನೋಡ್ದೆ. ನಮ್ ಮೇಷ್ಟ್ರಿಗೆ ಎಲ್ರಂಗೆ ಸಿಂಗಾಪುರ ತೋರ್ಸದಾ ಅಂತ, ಅದ್ನ ತೆಗ್ದಾಕ್ಬುಟ್ಟು, ನನ್ ಕೈಯಿಂದ ಹಾಂಗ್‌ಕಾಂಗ್ ಆಕಿಸಿವ್ನಿ. ಬೆಂಗ್ಳೂರಿಂದ ಸೀದಾ ಅಲ್ಗೇ ಇಮಾನ. ಮೂರು ದಿನ ಊರೆಲ್ಲ ಸುತ್ತಾಟ. ಅಮ್ಮಾವ್ರಿಗೂ ಯೋಳಿಲ್ಲ, ಖುಸಿಯಾಗ್ಲಿ ಅಂತ."

ಮೇಷ್ಟ್ರು ಕನ್ನಡಕ ಹಾಕಿಕೊಂಡು ಓದಿದರು. ನಾಲ್ಕನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ ಹಾಂಗ್‌ಕಾಂಗಿನಲ್ಲಿ ತಿಂಡಿ. ಅದೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ಸಿಂಗಾಪುರದಲ್ಲಿ ಹಡಗು ಹತ್ತುವುದು.

"ಲಿಂಗರಾಜು," ಎಂದರು ಮೆಲ್ಲಗೆ. "ಇಲ್ಲಿಂದ ಇಲ್ಲಿಗೆ ಹೇಗೆ ಹೋಗೋದು?"

"ಆಟೋ ಮಾಡ್ಕಂಡ್ರೆ ಆಯ್ತು ಸಾ. ಎರಡೂ ಒಂದೇ ಕಡೆ ಅಲ್ವಾ, ನಮ್ ಮಂಡ್ಯ ಮದ್ದೂರ್ ಇದ್ದಂಗೆ?"

ಅರ್ಪಿತ ಕಂಪ್ಯೂಟರಿನಲ್ಲಿ ನಕ್ಷೆ ತೆಗೆದಳು. ಎರಡು ಸಾವಿರದ ಐನೂರು ಕಿಲೋಮೀಟರಿಗೂ ಹೆಚ್ಚು. ನಡುವೆ ಇಡೀ ದಕ್ಷಿಣ ಚೀನಾ ಸಮುದ್ರ. ಲಿಂಗರಾಜುವಿನ ಮುಖ ಹಿಂಡಿದ ನಿಂಬೆಹಣ್ಣಿನಂತಾಯಿತು.

ಮುಂದಿನ ಒಂದು ಗಂಟೆ ಅಲ್ಲಿಗೆ ಇಲ್ಲಿಗೆ ಫೋನಾಯಿತು. ಆ ದಿನಗಳಲ್ಲಿ ಹಾಂಗ್‌ಕಾಂಗಿನಿಂದಾಗಲಿ ಬೆಂಗಳೂರಿನಿಂದಾಗಲಿ ಸಿಂಗಾಪುರದ ವಿಮಾನದಲ್ಲಿ ಒಂದು ಸೀಟೂ ಇರಲಿಲ್ಲ. ಹಡಗಿನವರು ಬೇರೆ ಯಾತ್ರೆಗೆ ಬದಲಾಯಿಸಿಕೊಡಲು ಒಪ್ಪಿದರು. ಆದರೆ ಅದು ಹೊರಡುವುದು ಏಳು ತಿಂಗಳ ನಂತರ.

ಲಿಂಗರಾಜು ಮತ್ತೆ ಕಾಲಿಗೆ ಬಿದ್ದ. "ಎಷ್ಟು ಅಂತ ಕಾಪಾಡ್ತೀರಿ ಸಾ! ನೀವ್ ಬಂದು ನೋಡ್ನಿಲ್ಲ ಅಂದಿದ್ರೆ ಅಲ್ಲಿ ಆಟೋ ಉಡಿಕ್ಕೊಂಡು ನಿಂತಿರ್ತಿದ್ರಿ. ಇನ್ನೂ ಅರವತ್ತು ಜನದ ಪ್ಲ್ಯಾನು ನಾನೇ ಆಕಿವ್ನಿ. ಈ ಏಳು ತಿಂಗ್ಳು ದಿನಾ ಬಂದು ಒಂದ್ಸಲ ಕಣ್ಣಾಡ್ಸ್ಬುಡಿ. ಪುಟ್ಟರಾಜು ಬಸ್ಸಲ್ಲಿ ಸೀಟು ಇಡ್ದಿರ್ತಾನೆ."

ಆ ಅರವತ್ತು ಜನ ಯಾವ ಯಾವ ಸಮುದ್ರದ ಅಂಚಿನಲ್ಲಿ ಆಟೋ ಹುಡುಕುತ್ತಾರೋ ಎಂದು ನೆನೆದರೆ ಮೇಷ್ಟ್ರಿಗೆ ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಮರುದಿನದಿಂದಲೇ ಕೆಲಸ ಎಂದಾಯಿತು. ನಿವೃತ್ತಿ ಸರಿಯಾಗಿ ಮೂವತ್ತನಾಲ್ಕು ದಿನ ಬಾಳಿತ್ತು.

ಹೆದರುತ್ತ ಹೆಂಡತಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು.

"ಚೀಲ ಸಿಕ್ಕಿತಲ್ಲ, ನೀವೂ ಎಳನೀರಿನ ಗಾಡಿಯಿಂದ ಬೀಳದೆ ಬಂದಿರಲ್ಲ, ಅದೇ ಪುಣ್ಯ," ಎಂದರು ಆಂಡಾಳ್. "ಏಳು ತಿಂಗಳು ತಾನೇ, ಕಾಯೋಣ. ಒಂದು ಮಾತು ಮಾತ್ರ ಹೇಳಿ. ಎಮ್ಮೆಗೆ ಯಾಕೆ ಮಾರ್ಕ್ಸ್ ಕೊಟ್ರಿ?"

ಮೇಷ್ಟ್ರು ಅತ್ತಿತ್ತ ನೋಡಿ, ಫೋನನ್ನು ಕಿವಿಗೆ ಒತ್ತಿಕೊಂಡು, ದನಿ ತಗ್ಗಿಸಿ ಹೇಳಿದರು:

"ಬಾಲ ಸರಿಯಾಗಿ ಕನ್ಯಾಕುಮಾರಿಗೇ ಬಂದಿತ್ತು ಕಣೇ."